ಬಾವಿ ಈಜು ಬರುತ್ತೆ, ಟ್ರಯಥ್ಲಾನ್ ಆಗುತ್ತಾ?

ಪ್ರಶ್ನೆ: ಸರ್, ನನಗೆ 43 ವರ್ಷ. ಬಾಗಲಕೋಟೆ ನವನಗರದಲ್ಲಿ ಮನೆ, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ತೂಕ 84 ಕಿಲೋ. ಎರಡು ವರ್ಷದಿಂದ ಬಿಪಿ ಮಾತ್ರೆ ಚಾಲೂ ಇದೆ. ಹುಟ್ಟಿದ್ದು ಕೃಷ್ಣಾ ದಂಡೆಯ ಹಳ್ಳಿಯಲ್ಲಿ. ಬಾವಿ, ಹೊಳೆ ಎರಡರಲ್ಲೂ ಈಜಿದ್ದೇನೆ. ಹೈಸ್ಕೂಲಿಗೆ ಸೈಕಲ್ ಹೊಡೆದುಕೊಂಡೇ ಹೋದವನು. ಗೆಳೆಯನೊಬ್ಬ ಗೋವಾದ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು ಮಾಡುವ ಸ್ಪರ್ಧೆ) ಮುಗಿಸಿ ಬಂದ. ಅವನ ಫೋಟೊ ನೋಡಿದಾಗಿನಿಂದ ನನಗೂ ಹುಚ್ಚು ಹಿಡಿದಿದೆ. ಮುಂದಿನ ಸಲ ಅದಕ್ಕೇ ಹೆಸರು ಕೊಡಬೇಕು ಅಂತ ಆಸೆ. ಆದರೆ ಮನೆಯವಳು "ಈ ವಯಸ್ಸಿನ್ಯಾಗ ಇದೆಲ್ಲಾ ಮಾಡಿ ಏನ್ ಸಿಗತೈತಿ?" ಅಂತ ಕೇಳ್ತಾಳೆ. ಉತ್ತರ ಹೊಳೆಯಲಿಲ್ಲ. ಶುರು ಮಾಡಬಹುದಾ? ಹೇಗೆ ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಗಿಂತ ನಿಮ್ಮ ಮನೆಯವರ ಪ್ರಶ್ನೆ ಗಟ್ಟಿಯಾಗಿದೆ. ಅದಕ್ಕೂ ಬರ್ತೀನಿ. ಮೊದಲು ನಿಮ್ಮದು.

ಶುರು ಮಾಡಬಹುದು. ನಾನು ವಿಜಯಪುರದಲ್ಲಿ ಫಿಜಿಯೋಥೆರಪಿಸ್ಟ್. ಜನರ ಮೊಣಕಾಲು, ಸೊಂಟ, ಹೆಗಲು ನೋಡೋದೇ ದಿನದ ಕೆಲಸ. ನಾನೂ ಇದಕ್ಕೆ ಇಳಿದದ್ದು 39 ದಾಟಿದ ಮೇಲೆ. ಪದಕ ಗೆಲ್ಲೋ ಪೈಕಿ ಅಲ್ಲ, ಕೊನೆಯ ಹತ್ತು ಜನರಲ್ಲಿ ಬರೋ ಪೈಕಿ. ಹಾಗಾಗಿ ಈ ಉತ್ತರದಲ್ಲಿ ಅರ್ಧ ಓದಿದ್ದು, ಇನ್ನರ್ಧ ನಾನೇ ತಪ್ಪು ಮಾಡಿ ಕಲಿತದ್ದು.

ಟ್ರಯಥ್ಲಾನ್ ಅಂದ ಕೂಡಲೇ ಎಲ್ಲರ ಕಣ್ಣಿಗೂ ಐರನ್‌ಮ್ಯಾನ್ ಬರುತ್ತೆ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ 42.2 ಕಿಲೋಮೀಟರ್ ಓಟ. ಇದು ಹುಟ್ಟಿದ್ದೇ ಒಂದು ಕಟ್ಟೆ ಹರಟೆಯಿಂದ. ಹವಾಯಿಯಲ್ಲಿದ್ದ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಮತ್ತು ಅವನ ಗೆಳೆಯರ ನಡುವೆ, ಓಡೋನು ಗಟ್ಟಿಯೋ, ಈಜೋನು ಗಟ್ಟಿಯೋ, ಸೈಕಲ್‌ನವನು ಗಟ್ಟಿಯೋ ಅಂತ ವಾದ ಬಿತ್ತು. ಹಾಗಾದರೆ ಮೂರನ್ನೂ ಒಂದೇ ದಿನ ಮಾಡಿ ನೋಡೇಬಿಡೋಣ ಅಂದರು. 1978ರ ಫೆಬ್ರವರಿಯಲ್ಲಿ 15 ಜನ ಹೊರಟರು, 12 ಜನ ಮುಗಿಸಿದರು. ನಿಮ್ಮ ಗೆಳೆಯ ಗೋವಾದಲ್ಲಿ ಮಾಡಿದ್ದು ಬಹುಶಃ ಅದರ ಅರ್ಧ. ಐರನ್‌ಮ್ಯಾನ್ 70.3 ಅಂತಾರಲ್ಲ, ಅದು ಮೂರೂ ಸೇರಿದ ಮೈಲಿ ಲೆಕ್ಕ. ನಮ್ಮ ಲೆಕ್ಕದಲ್ಲಿ 1.9 ಕಿಲೋಮೀಟರ್ ಸಮುದ್ರದ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ.

ನಿಮಗೆ ಸದ್ಯಕ್ಕೆ ಇವೆರಡೂ ಬೇಡ. ಸ್ಪ್ರಿಂಟ್ ಅಂತ ಒಂದಿದೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಆರು ತಿಂಗಳು ಶಿಸ್ತಾಗಿ ಮಾಡಿದರೆ ನಿಮ್ಮಂಥವರಿಗೆ ಇದು ಆಗುವ ಮಾತು. ಅದು ಆದ ಮೇಲೆ ಅದರ ದುಪ್ಪಟ್ಟು, ಅಂದರೆ ಒಲಿಂಪಿಕ್ ದೂರ. ಗೋವಾ ಆಮೇಲಿನ ಮಾತು.

ಈಗ ಬಾವಿ ಈಜಿನ ವಿಷಯ. ನಮ್ಮ ಕಡೆಯವರ ದೊಡ್ಡ ಧೈರ್ಯ ಇದೇ, ದೊಡ್ಡ ತೊಡಕೂ ಇದೇ. ನಾವು ಹೇಗೆ ಕಲಿತೆವು? ಬೆನ್ನಿಗೆ ಬೆಂಡೋ ಖಾಲಿ ಡಬ್ಬಿಯೋ ಕಟ್ಟಿ, ನಡಕ್ಕೆ ಹಗ್ಗ ಬಿಗಿದು, ಕಾಕಾನೋ ಮಾವನೋ ಬಾವಿಗೆ ತಳ್ಳಿದ್ದು. ಅಲ್ಲಿ ಕಲಿಯೋ ಪಾಠ ಒಂದೇ: ತಲೆ ನೀರಿನ ಮೇಲೆ ಇರಲಿ. ಜೀವ ಉಳಿಸಿಕೊಳ್ಳೋಕೆ ಅದು ಸರಿ. ದೂರ ಈಜೋಕೆ ಅದೇ ಶತ್ರು. ತಲೆ ಮೇಲೆದ್ದರೆ ತಕ್ಕಡಿಯ ಹಾಗೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಮೈ ಓರೆಯಾಗಿ ನಿಂತು ನೀರನ್ನು ಎದೆಯಿಂದ ತಳ್ಳಿಕೊಂಡು ಹೋಗುತ್ತೆ. 50 ಮೀಟರ್‌ಗೆ ಸುಸ್ತು.

ನಾನು ಮೊದಲ ದಿನ ಈಜುಕೊಳಕ್ಕೆ ಹೋದಾಗ ಅಲ್ಲಿದ್ದ ಕೋಚ್ ಹುಡುಗನಿಗೆ "ನನಗ ಈಜು ಬರ್ತೈತಿ, ಸ್ವಲ್ಪ ಪಾಲಿಶ್ ಮಾಡಿಸಿದ್ರ ಸಾಕು" ಅಂದಿದ್ದೆ. 25 ಮೀಟರ್‌ನ ಕೊಳ. ಮೂರನೇ ಸುತ್ತಿಗೆ ಗೋಡೆ ಹಿಡಿದು ನಿಂತೆ. ಪಕ್ಕದ ಲೇನಿನಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಹಾಡು ಗುನುಗಿದ ಹಾಗೆ ಹೋಗಿ ಬಂದು ಮಾಡುತ್ತಿದ್ದಳು. ಕೋಚ್ ಹುಡುಗ ಬಗ್ಗಿ ಹೇಳಿದ: "ಅಂಕಲ್, ನೀವು ಉಸುರು ಹಿಡೀತೀರಿ. ಒಳಗ ಬಿಡ್ರಿ."

ಇಡೀ ಗುಟ್ಟು ಅಷ್ಟೇ. ಮುಖ ನೀರೊಳಗೆ ಇರುವಾಗ ನಾವು ಉಸಿರು ಕಟ್ಟಿ ಹಿಡಿಯುತ್ತೇವೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರುತ್ತಾ ಹೋಗುತ್ತೆ. ಎದೆ ಬಡಿದುಕೊಂಡು "ಸತ್ತೆ" ಅನ್ನಿಸೋದು ಅದರಿಂದ, ಆಮ್ಲಜನಕ ಮುಗಿದು ಅಲ್ಲ. ತಲೆ ಎತ್ತಿದಾಗ ಆ ಅರೆಕ್ಷಣದಲ್ಲಿ ಹಳೇ ಗಾಳಿ ಬಿಡಬೇಕು, ಹೊಸದು ತಗೋಬೇಕು. ಎರಡೂ ಅರ್ಧಂಬರ್ಧ. ಅದರ ಬದಲು ನೀರೊಳಗೇ ಮೂಗಿನಿಂದ ನಿಧಾನ ಗುಳ್ಳೆ ಬಿಡುತ್ತಾ ಇದ್ದರೆ, ಪಕ್ಕಕ್ಕೆ ಹೊರಳಿದಾಗ ಬರೀ ಒಳಗೆ ಎಳೆದುಕೊಂಡರೆ ಸಾಕು.

ಇದನ್ನು ಕಲಿಯೋಕೆ ಈಜುಕೊಳ ಬೇಕಿಲ್ಲ, ಸ್ನಾನದ ಬಕೆಟ್ ಸಾಕು. ಬಕೆಟ್ ತುಂಬಿಸಿ, ಸ್ಟೂಲ್ ಮೇಲಿಟ್ಟು, ಮುಖ ಮುಳುಗಿಸಿ. ಐದು ಎಣಿಸುವಷ್ಟು ಹೊತ್ತು ಗುಳ್ಳೆ ಬಿಡಿ. ಮುಖವನ್ನು ಮೇಲಕ್ಕೆ ಎತ್ತಬೇಡಿ, ಪಕ್ಕಕ್ಕೆ ಹೊರಳಿಸಿ. ಒಂದು ಕಿವಿ ನೀರಲ್ಲೇ ಇರಲಿ. ಬಾಯಿಂದ ಗಾಳಿ ಎಳೆದುಕೊಂಡು ಮತ್ತೆ ಮುಳುಗಿ. ದಿನಕ್ಕೆ ಹತ್ತು ನಿಮಿಷ, ಎರಡು ವಾರ. ನಾನು ಇದನ್ನು ಮಾಡುವಾಗ ಮಗಳು ಬಚ್ಚಲ ಬಾಗಿಲು ಬಡಿದು, "ಅಪ್ಪಾ, ಒಳಗ ಎಮ್ಮಿ ನೀರು ಕುಡ್ಯಾಕತ್ತೈತೇನು?" ಅಂದಿದ್ದಳು. ಇವತ್ತಿಗೂ ಬಂಧುಗಳು ಬಂದಾಗ ಆ ಕಥೆ ತೆಗೀತಾಳೆ.

ಕೊಳದಲ್ಲಿ ಮೊದಲ ತಿಂಗಳು ದೂರದ ಲೆಕ್ಕವೇ ಬೇಡ. 25 ಮೀಟರ್ ಹೋಗಿ, ಉಸಿರು ಸುಧಾರಿಸುವ ತನಕ ನಿಂತು, ಮತ್ತೆ ಹೋಗಿ. ಕಣ್ಣು ಕೊಳದ ತಳ ನೋಡುತ್ತಿರಲಿ, ಎದುರಿನ ಗೋಡೆಯನ್ನಲ್ಲ. ಕಾಲನ್ನು ಜೋರಾಗಿ ಬಡಿಯಬೇಡಿ. ಅಲ್ಲಿ ಉಳಿಸಿದ ಕಾಲು ಸೈಕಲ್‌ಗೆ ಬೇಕು. ಒಬ್ಬ ಕೋಚ್ ಹತ್ತಿರ ಹತ್ತು ಹನ್ನೆರಡು ಪಾಠ ಹೇಳಿಸಿಕೊಳ್ಳಿ. ಇಡೀ ಟ್ರಯಥ್ಲಾನ್‌ನಲ್ಲಿ ದುಡ್ಡು ಹಾಕಲೇಬೇಕಾದ ಜಾಗ ಅಂದ್ರೆ ನನ್ನ ಪ್ರಕಾರ ಇದೊಂದೇ. ದುಬಾರಿ ಸೈಕಲ್ ಆಮೇಲೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಪ್ರಾಕ್ಟೀಸ್ ಅಂತ ಒಬ್ಬರೇ ಹಿನ್ನೀರಿಗೆ ಇಳಿಯಬೇಡಿ. ಆಲಮಟ್ಟಿ ಹಿನ್ನೀರು ನಿಮ್ಮ ಊರ ಅಂಚಿಗೇ ನಿಂತಿದೆ, ಬೆಳಿಗ್ಗೆ ನೋಡೋಕೆ ಕನ್ನಡಿ ಹಾಗೆ ಇರುತ್ತೆ, ಆಸೆ ಆಗುತ್ತೆ. ಆದರೆ ಅದರ ಅಡಿಯಲ್ಲಿ ಮುಳುಗಿದ ಊರಿದೆ. ಗೋಡೆ, ಜಾಲಿ ಗಿಡ, ತಂತಿ, ಮೀನಿನ ಬಲೆ, ಯಾವುದಕ್ಕೆ ಕಾಲು ಸಿಕ್ಕುತ್ತೋ ಗೊತ್ತಾಗಲ್ಲ. ಕೃಷ್ಣೆಯಲ್ಲಿ ಮೊಸಳೆ ಇರೋದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಬಯಲು ನೀರಿನ ಅಭ್ಯಾಸ ಬೇಕೇ ಬೇಕು, ಅದು ಸ್ಪರ್ಧೆಯ ಹತ್ತಿರ ಬಂದಾಗ, ಗೊತ್ತಿರುವ ಜಾಗದಲ್ಲಿ, ಪಕ್ಕದಲ್ಲಿ ದೋಣಿ ಇದ್ದಾಗ.

ಈ ಭಯ ಸುಮ್ನೆ ಹುಟ್ಟಿಸುತ್ತಿಲ್ಲ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ನಡೆದ ಸಾವು ಮತ್ತು ಹೃದಯ ಸ್ತಂಭನಗಳನ್ನು ಲೆಕ್ಕ ಹಾಕಿದಾಗ ಒಟ್ಟು 135 ಸಿಕ್ಕವು. ಅದರಲ್ಲಿ 90 ಆದದ್ದು ಈಜಿನಲ್ಲಿ. ಸರಾಸರಿ ವಯಸ್ಸು 47ರ ಹತ್ತಿರ, ಹೆಚ್ಚಿನವರು ಗಂಡಸರು. ಲಕ್ಷಾಂತರ ಜನ ಭಾಗವಹಿಸಿದ್ದರಲ್ಲಿ ಇದು ಸಣ್ಣ ಸಂಖ್ಯೆ, ಒಪ್ಪಿದೆ. ಆದರೆ ಆ ವಯಸ್ಸು, ಆ ಲಿಂಗ, ಮೇಲೆ ಬಿಪಿ, ಮೂರೂ ನಿಮಗೆ ಹೊಂದುತ್ತಲ್ಲ. ಆದ್ದರಿಂದ ಬೂಟು ಕೊಳ್ಳುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ಇಸಿಜಿ ಮಾಡಿಸಿ, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ನೋಡಿಸಿ. ಅಪ್ಪ, ಅಣ್ಣಂದಿರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ ಮುಚ್ಚಿಡದೆ ಹೇಳಿ. ಡಾಕ್ಟರ್ ಟ್ರೆಡ್‌ಮಿಲ್ ಟೆಸ್ಟ್ ಅಂದರೆ ಅದೂ ಆಗಲಿ.

ಸೈಕಲ್ ವಿಷಯದಲ್ಲಿ ನಿಮಗೆ ಹೇಳೋದು ಕಡಿಮೆ. ನಮ್ಮ ವಿಜಯಪುರ, ನಿಮ್ಮ ಬಾಗಲಕೋಟೆ ಎರಡೂ ಸೈಕಲ್ ಹುಡುಗರ ಊರು. ಜಾತ್ರೆ ಬಂದರೆ ಬಂಡಿ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತೂ ಇರುತ್ತೆ. ಕ್ರೀಡಾ ಹಾಸ್ಟೆಲ್‌ನಲ್ಲಿ ತಯಾರಾದ ಹುಡುಗರು ದೇಶಮಟ್ಟಕ್ಕೆ ಹೋಗಿದ್ದಾರೆ. ಹಾಗಾಗಿ ರೇಸ್ ಸೈಕಲ್ ಬಲ್ಲ ಮೆಕ್ಯಾನಿಕ್, ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಸಿಗುವ ಅವಕಾಶ ನಮ್ಮಲ್ಲಿ ಬೇರೆ ಕಡೆಗಿಂತ ಜಾಸ್ತಿ. ಮನೆಯಲ್ಲಿ ಗೇರ್ ಸೈಕಲ್ ಇದ್ದರೆ ಮೊದಲ ಸ್ಪ್ರಿಂಟ್‌ಗೆ ಅದೇ ಸಾಕು. ಸೀಟಿನ ಎತ್ತರ ಮಾತ್ರ ನೋಡಿಕೊಳ್ಳಿ. ಸೀಟ್ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ಕೆಳಗೆ ಬಂದ ಹೊತ್ತಿಗೆ ಮೊಣಕಾಲು ನೆಟ್ಟಗಾಗಬೇಕು. ನನ್ನ ಹತ್ತಿರ ಬರುವ ಸೈಕಲ್ ಮೊಣಕಾಲು ನೋವುಗಳಲ್ಲಿ ಎಷ್ಟೋ ನೋವು ಸೀಟ್ ಎರಡು ಬೆರಳು ಎತ್ತರಿಸಿದರೆ ಹೋಗುವಂಥವು. ಭಾರದ ಗೇರ್ ಹಾಕಿ ಒತ್ತಬೇಡಿ. ಹಗುರ ಗೇರ್‌ನಲ್ಲಿ ನಿಮಿಷಕ್ಕೆ 80-90 ಸುತ್ತು ತುಳಿಯಿರಿ.

ರಸ್ತೆಯದೇ ಚಿಂತೆ. ಕಬ್ಬು ನುರಿಸುವ ಹಂಗಾಮಿನಲ್ಲಿ ನಸುಕಿನ ಕತ್ತಲಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುತ್ತಿರುತ್ತವೆ. ಒಂದು ಡಿಸೆಂಬರ್ ನಸುಕಿನಲ್ಲಿ, ಎದುರಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ, ನಿಂತಿದ್ದ ಅಂಥ ಟ್ರೇಲರ್ ನನಗೆ ಕಂಡದ್ದು ಮೂರು ಮಾರು ದೂರದಲ್ಲಿ. ಪಕ್ಕದ ಎರಿ ಹೊಲಕ್ಕೆ ಸೈಕಲ್ ಸಮೇತ ಇಳಿದೆ. ಮೈಗೆ ಪೆಟ್ಟಾಗಲಿಲ್ಲ. ಚಕ್ರದ ತುಂಬ ನೆಗ್ಗಿಲ ಮುಳ್ಳು. ಆಮೇಲಿಂದ ಬೆಳಕು ಹರಿಯದೆ ರೋಡಿಗೆ ಹೋಗಿಲ್ಲ. ಹೆಲ್ಮೆಟ್, ಹಿಂದೆ ಮುಂದೆ ದೀಪ, ಎರಡು ಟ್ಯೂಬ್, ಒಂದು ಪಂಪ್ ಇಲ್ಲದೆ ನೀವೂ ಹೋಗಬೇಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ನಮ್ಮ ಬಯಲಲ್ಲಿ ತಡೆಯಿಲ್ಲದೆ ಬೀಸುತ್ತೆ. ಆಗ ಸ್ಪೀಡ್ ನೋಡಬೇಡಿ, ಹೊತ್ತು ನೋಡಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಅದೇ ಗಾಳಿ ಬೆನ್ನಿಗಿರುತ್ತೆ.

ಓಟಕ್ಕೆ ಬಂದರೆ, ಇಲ್ಲಿ ನಾನು ನಾಚಿಕೆ ಬಿಟ್ಟು ಹೇಳಬೇಕು. ನಾಲ್ಕು ತಿಂಗಳು ಸೈಕಲ್ ಹೊಡೆದ ಮೇಲೆ ನನಗೆ ದಮ್ಮು ಚೆನ್ನಾಗಿ ಬಂದಿತ್ತು. ಓಡಿದರೆ ಏದುಸಿರೇ ಇಲ್ಲ. ಖುಷಿಯಲ್ಲಿ ಮೂರೇ ವಾರದಲ್ಲಿ ಓಟವನ್ನು ದುಪ್ಪಟ್ಟು ಮಾಡಿದೆ. ಮೊಣಕಾಲ ಕೆಳಗೆ, ಕಾಲಿನ ಮುಂಭಾಗದ ಎಲುಬು ನೋಯತೊಡಗಿತು. ಹತ್ತು ವಾರ ಓಟ ಬಂದ್. ಇದೇ ನೋವಿಗೆ ಇದೇ ಬುದ್ಧಿ ಹೇಳಿ ದುಡ್ಡು ತಗೊಳ್ಳೋ ಮನುಷ್ಯ ನಾನು! ಆಗಿದ್ದು ಇಷ್ಟೇ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಸುಧಾರಿಸುತ್ತವೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತೆ. ನಿಮ್ಮ 84 ಕಿಲೋಗೆ ಲೆಕ್ಕ ಹಾಕಿ ನೋಡಿ. ಸೈಕಲ್‌ನಿಂದ ಬಂದವರು ಓಟದಲ್ಲಿ ಪೆಟ್ಟು ತಿನ್ನೋದು ಇದಕ್ಕೇ.

ಅದಕ್ಕೆ ಎರಡು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ. ಒಟ್ಟು 20 ನಿಮಿಷ. ವಾರಕ್ಕೆ ಎರಡು ಸಲ. ಮೊದಲ ಎರಡು ತಿಂಗಳು ಇಷ್ಟೇ. ನವನಗರದ ಸೆಕ್ಟರ್ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ, ನಾಯಿಗಳನ್ನು ಬಿಟ್ಟರೆ. ಮನೆಯಲ್ಲಿ ವಾರಕ್ಕೆ ಎರಡು ದಿನ ಹದಿನೈದು ನಿಮಿಷ ಬೈಠಕ್, ದಂಡ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸೋದು. ಗರಡಿ ಮನೆಯ ಹಳೇ ವಿದ್ಯೆ, ಜಿಮ್ ಬೇಕಿಲ್ಲ.

ಎಷ್ಟು ಜೋರಾಗಿ ಮಾಡಬೇಕು ಅಂತ ಎಲ್ಲರೂ ಕೇಳ್ತಾರೆ. ನಿಧಾನವಾಗಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಬಹುಪಾಲು ಅಭ್ಯಾಸ ಈ ಹದದಲ್ಲೇ ಇರಲಿ. ನಿಮ್ಮ ಗೆಳೆಯ ಕೈಗಡಿಯಾರದ ಹಾರ್ಟ್ ರೇಟ್ ನೋಡು ಅನ್ನಬಹುದು. ನಿಮ್ಮ ಬಿಪಿ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯದಾದರೆ ಆ ಲೆಕ್ಕ ಕೆಡುತ್ತೆ. ಅವು ನಾಡಿ ಬಡಿತವನ್ನೇ ತಗ್ಗಿಸುವ ಮಾತ್ರೆಗಳು. ನೀವು ಸುಸ್ತಾಗಿ ಬಿದ್ದರೂ ಗಡಿಯಾರ "ಇನ್ನೂ ಓಡು" ಅನ್ನುತ್ತೆ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ನಮ್ಮ ಬಿಸಿಲಲ್ಲಿ ಮೈಯ ನೀರು ಬೇಗ ಇಳಿಯುತ್ತೆ. ಹಾಗಂತ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ವಾರದ ಲೆಕ್ಕ ಐದರಿಂದ ಆರು ಗಂಟೆ. ಎರಡು ಈಜು, ಎರಡು ಓಟ, ಎರಡು ಸೈಕಲ್. ಸೋಮವಾರ ಪೂರ್ತಿ ರಜೆ. ಮೂರನೇ ತಿಂಗಳಿಂದ ರವಿವಾರ ಸೈಕಲ್ ಇಳಿದ ಕೂಡಲೇ ಹತ್ತು ನಿಮಿಷ ಓಡಿ. ಇದಕ್ಕೆ ಬ್ರಿಕ್ ಅಂತಾರೆ. ಹೆಸರು ಸರಿಯಾಗೇ ಇದೆ, ತೊಡೆ ಇಟ್ಟಿಗೆ ಹಾಗೇ ಆಗಿರುತ್ತೆ. ಸುತ್ತು ತುಳಿಯುತ್ತಿದ್ದ ಕಾಲಿಗೆ ಹೆಜ್ಜೆ ನೆನಪಾಗೋಕೆ ಒಂದೆರಡು ಕಿಲೋಮೀಟರ್ ಹಿಡಿಯುತ್ತೆ. ಸ್ಪರ್ಧೆಯ ದಿನವೇ ಅದು ಮೊದಲ ಸಲ ಆಗಬಾರದು.

ತಿನ್ನೋದರಲ್ಲಿ ಹೊಸದೇನೂ ಬೇಡ. ರೊಟ್ಟಿ, ಪಲ್ಯ, ಕಾಳು, ಮೊಸರು, ಶೇಂಗಾ ಚಟ್ನಿ ಸಾಕು. ಒಂದೂವರೆ ಗಂಟೆಗಿಂತ ಹೆಚ್ಚು ಸೈಕಲ್ ಹೊಡೆದಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಹತ್ತಿರ ಸಿಗುತ್ತೆ. ನಾನು ಜೇಬಿನಲ್ಲಿ ಅಮೀನಗಡ ಕರದಂಟಿನ ಸಣ್ಣ ತುಂಡು ಇಟ್ಟುಕೊಳ್ತೀನಿ. ಬೆಲ್ಲ ಕೂಡಲೇ ಕೆಲಸಕ್ಕೆ ಬರುತ್ತೆ. ಆದರೆ ತುಪ್ಪ, ಗೋಡಂಬಿ ಇರೋದರಿಂದ ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆ ಭಾರ. ಬಾಟಲಿಯಲ್ಲಿ ಇಂಡಿ ಲಿಂಬೆ, ಸಕ್ಕರೆ, ಚಿಟಿಕೆ ಉಪ್ಪು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯೋದೂ ಅಪಾಯ, ರಕ್ತದ ಸೋಡಿಯಂ ಇಳಿಯುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಏಳೂವರೆ ಒಳಗೆ ಮನೆ ಸೇರಿ. ನೋವಿನ ಗುಳಿಗೆ ನುಂಗಿ ಓಡೋರು ಇದ್ದಾರೆ. ಬಿಸಿಲು, ಬೆವರು, ಬಿಪಿ ಜೊತೆ ಆ ಗುಳಿಗೆ ಸೇರಿದರೆ ಕಿಡ್ನಿಗೆ ಕಷ್ಟ.

ಈಗ ನಿಮ್ಮ ಮನೆಯವರ ಪ್ರಶ್ನೆ. ಏನು ಸಿಗುತ್ತೆ?

ಲೆಕ್ಕಕ್ಕೆ ಸಿಗೋದು ಹೇಳ್ತೀನಿ. ಬಿಪಿ ಇದ್ದವರಿಗೆ ನಿಯಮಿತ ವ್ಯಾಯಾಮದಿಂದ ಮೇಲಿನ ಅಂಕಿ ಸುಮಾರು 5ರಿಂದ 8ರಷ್ಟು ಇಳಿಯಬಹುದು. ಸ್ನಾಯುಗಳು ಸಕ್ಕರೆಯನ್ನು ಸಲೀಸಾಗಿ ಹೀರಿಕೊಳ್ಳುತ್ತವೆ, ಒಂದು ದಿನದ ವ್ಯಾಯಾಮದ ಪರಿಣಾಮ ಮರುದಿನದ ತನಕವೂ ಇರುತ್ತೆ. ನಿದ್ದೆ ಬರುತ್ತೆ, ಅದೂ ಮೊಬೈಲ್ ಎದೆ ಮೇಲೇ ಬಿದ್ದು ಬರುವಂಥ ನಿದ್ದೆ. ತೂಕದ ಬಗ್ಗೆ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 20 ಕಿಲೋಮೀಟರ್ ಸೈಕಲ್ ಹೊಡೆದು ಕರಗಿಸಿದ್ದನ್ನು ನಾಲ್ಕು ಮಿರ್ಚಿ ಭಜಿ, ಒಂದು ಪ್ಲೇಟ್ ಗಿರ್ಮಿಟ್ ಹತ್ತು ನಿಮಿಷದಲ್ಲಿ ವಾಪಸ್ ತರುತ್ತವೆ. ನನ್ನದು ವರ್ಷಕ್ಕೆ ಇಳಿದದ್ದು ಐದೇ ಕಿಲೋ.

ಬರೀ ಆರೋಗ್ಯವೇ ಬೇಕಿದ್ದರೆ ಇಷ್ಟೆಲ್ಲ ಬೇಡ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ ಅನ್ನುತ್ತೆ. ಬಿರುಸಿನ ನಡಿಗೆಯಲ್ಲೇ ಅದು ಮುಗಿಯುತ್ತೆ. ಟ್ರಯಥ್ಲಾನ್ ಕೊಡೋ ಹೆಚ್ಚಿನದು ಬೇರೆ. ನಲವತ್ತು ದಾಟಿದ ಮೇಲೆ ನಮ್ಮ ಕೆಲಸದಲ್ಲಿ ನಾವೇ ಹಿರಿಯರು. ತಪ್ಪು ತೋರಿಸೋರು ಯಾರೂ ಇರಲ್ಲ. ಈಜುಕೊಳದಲ್ಲಿ ನಾನು ಮತ್ತೆ ಒಂದನೇ ಕ್ಲಾಸು. ಇಪ್ಪತ್ತರ ಹುಡುಗ "ಕೈ ತಪ್ಪೈತ್ರಿ" ಅಂದರೆ "ಹೂಂನಪಾ" ಅಂತ ಮತ್ತೆ ಮಾಡಬೇಕು. ಇದರಿಂದ ನನ್ನ ಕೆಲಸವೂ ಬದಲಾಯಿತು. ಹೆಗಲು ಎತ್ತಲಾಗದ ಅಜ್ಜಿಗೆ ಮೊದಲೆಲ್ಲ "ಎಷ್ಟ್ ಸಲ ಹೇಳಬೇಕು ನಿಮಗ" ಅನ್ನುತ್ತಿದ್ದೆ. ಈಗ ಅನ್ನಲ್ಲ. ಮೈಗೆ ಹೊಸದೊಂದು ಕಲಿಸೋದು ಎಷ್ಟು ನಿಧಾನ ಅಂತ ನನ್ನ ಮೈಯೇ ತೋರಿಸಿದೆ.

ಇದಕ್ಕೆ ಬೆಲೆಯೂ ಇದೆ, ಅದನ್ನು ಕೊಡೋದು ಹೆಚ್ಚಾಗಿ ಮನೆಯವರು. ರವಿವಾರದ ಮುಂಜಾನೆ ಹೋಗುತ್ತೆ. ರಾತ್ರಿ ಒಂಬತ್ತೂವರೆಗೆ ನೀವು ಆಕಳಿಸ್ತೀರಿ. ಮದುವೆ ಮನೆಯಲ್ಲೂ ಓಟದ್ದೇ ಮಾತು. ಹೆಸರು ಕೊಡುವ ಮೊದಲು ಅವರ ಜೊತೆ ಕೂತು ಮಾತಾಡಿ. ಒಂಬತ್ತರೊಳಗೆ ಮನೆ ಸೇರ್ತೀನಿ, ಉಳಿದ ರವಿವಾರವೆಲ್ಲ ಮನೆಗೇ ಅಂತ ಮಾತು ಕೊಡಿ, ಮಾತು ಉಳಿಸಿಕೊಳ್ಳಿ. ಸಾಧ್ಯವಾದರೆ ಅವರನ್ನೂ ಈಜುಕೊಳಕ್ಕೆ ಕರೆದೊಯ್ಯಿರಿ. ಬಾವಿ ಈಜಿನ ಅಭ್ಯಾಸ ಇಲ್ಲದವರಿಗೆ ಬಿಡಿಸಬೇಕಾದ ತಪ್ಪೂ ಕಡಿಮೆ, ಬೇಗ ಕಲಿತು ನಿಮ್ಮನ್ನು ಹಿಂದೆ ಹಾಕಿದರೂ ಹಾಕಬಹುದು.

ಗೋವಾಕ್ಕೆ ಈಗಲೇ ದುಡ್ಡು ಕಟ್ಟಬೇಡಿ. ಅಲ್ಲಿ 1.9 ಕಿಲೋಮೀಟರ್ ಈಜನ್ನು 70 ನಿಮಿಷದಲ್ಲಿ ಮುಗಿಸದಿದ್ದರೆ ಸೈಕಲ್ ಮುಟ್ಟೋಕೂ ಬಿಡಲ್ಲ. ಮೊದಲು ಒಂದು ಸ್ಪ್ರಿಂಟ್, ಆಮೇಲೆ ಒಂದು ಒಲಿಂಪಿಕ್ ದೂರ. ಕೊಳದಲ್ಲಿ ಎಲ್ಲೂ ನಿಲ್ಲದೆ ಎರಡು ಕಿಲೋಮೀಟರ್ ಈಜಿ, ದಡ ಹತ್ತಿ, "ಇನ್ನೊಂದು ಸುತ್ತು ಹೋಗಬಹುದಿತ್ತು" ಅನ್ನಿಸಿದ ದಿನ ಫಾರ್ಮ್ ತುಂಬಿ.

ಸ್ಪ್ರಿಂಟ್ ದಿನಕ್ಕೆ ಒಂದು ಕಿವಿಮಾತು. ಈಜು ಮುಗಿಸಿ ಬಂದಾಗ ತಲೆ ಗಿರ್ ಅಂತಿರುತ್ತೆ, ನೂರಾರು ಸೈಕಲ್ ಒಂದೇ ಥರ ಕಾಣುತ್ತವೆ. ನಾನು ಮೊದಲ ಸಲ ನನ್ನ ಸೈಕಲ್ ಹುಡುಕುತ್ತಾ ಬರಿಗಾಲಲ್ಲಿ ನಾಲ್ಕು ನಿಮಿಷ ಓಡಾಡಿದೆ. ಸೈಕಲ್ ಪಕ್ಕ ಬಣ್ಣದ ಟವೆಲ್ ಹಾಸಿ. ನನ್ನ ಹೆಂಡತಿ ಈಗ ಇಳಕಲ್ ಸೀರೆಯ ಹಳೇ ಸೆರಗಿನ ತುಂಡು ಕೊಟ್ಟು ಕಳಿಸ್ತಾಳೆ. ಆ ಕೆಂಪು ಎಷ್ಟು ದೂರದಿಂದಲೂ ಕಾಣುತ್ತೆ.